ಹಕ್ಕಿ ಕೆರೆಯಲ್ಲಿ, ನಾವು ಗ್ರೂಪಿನಲ್ಲಿ

"ಹಕ್ಕಿ ಇರೋದು ಕೆರೆ ಹತ್ರ. ನೀನು ನೋಡ್ತಿರೋದು ಫೋನು." ನಮ್ಮ ಮನೆಯವರು ಹೀಗೆ ಅಂದಾಗ ವಾದ ಮಾಡುವುದು ಕಷ್ಟ. ಅವರ ಮಾತು ನ್ಯಾಯವಾಗಿಯೇ ಇದೆ. ಹಕ್ಕಿ ನೋಡುವುದಕ್ಕೆ ಬೇಕಾದದ್ದು ಒಂದು ಬೈನಾಕ್ಯುಲರ್, ಒಂದು ಕೆರೆಯೋ ಗುಡ್ಡವೋ, ಬೆಳಗಿನ ಎರಡು ಗಂಟೆ ಸಮಯ, ಮತ್ತೆ ಬಾಯಿ ಮುಚ್ಚಿಕೊಂಡು ನಿಲ್ಲುವ ತಾಳ್ಮೆ. ಕ್ರಿಕೆಟ್ಟಿಗಾದರೆ ತಂಡ ಬೇಕು. ಇದಕ್ಕೆ ಯಾರೂ ಬೇಡ. ಜನ ಜಾಸ್ತಿಯಾದಷ್ಟೂ ಹಕ್ಕಿ ದೂರ ಹೋಗುತ್ತದೆ. ಆದರೂ ಈ ಹುಚ್ಚು ಹತ್ತಿಸಿಕೊಂಡವರಲ್ಲಿ ಒಂದಾದರೂ ವಾಟ್ಸಾಪ್ ಗ್ರೂಪಿಗೆ ಸೇರದೆ ಉಳಿದವರನ್ನು ನಾನು ಕಂಡಿಲ್ಲ. ತುಮಕೂರಿನಲ್ಲಿ ಕೂತ ನನ್ನ ಫೋನಿನಲ್ಲೇ ಜಿಲ್ಲೆಯವರದ್ದು ಒಂದು, ಹೆಂಗಸರದ್ದು ಒಂದು, ಬರೀ ಹದ್ದು ಗಿಡುಗಗಳ ಬಗ್ಗೆ ಜಗಳ ಆಡುವುದಕ್ಕೇ ಮೀಸಲಾದದ್ದು ಇನ್ನೊಂದು ಗ್ರೂಪ್ ಇದೆ. ಇದರ ಮೇಲೆ ಕಂಡ ಹಕ್ಕಿಗಳ ಪಟ್ಟಿ ಹಾಕುವ ಇಬರ್ಡ್ ಆ್ಯಪ್, ಗಿಡ, ಪ್ರಾಣಿ ಎಲ್ಲದರ ಫೋಟೋ ಹಾಕುವ ಐನ್ಯಾಚುರಲಿಸ್ಟ್, ಫೇಸ್‌ಬುಕ್. ಹಕ್ಕಿ ನೋಡಿದ ಹೊತ್ತಿಗಿಂತ ಹಕ್ಕಿ ಬಗ್ಗೆ ಓದಿದ ಹೊತ್ತೇ ಜಾಸ್ತಿ ಅಂದರೂ ಸುಳ್ಳಲ್ಲ.

ಯಾಕೆ ಸೇರಿದಿರಿ ಅಂತ ಕೇಳಿದರೆ ಎಲ್ಲರೂ ಮೊದಲು ಹೇಳುವುದು ಒಂದೇ. ಹೆಸರು ತಿಳಿದುಕೊಳ್ಳೋಕೆ.

ಅದು ನಿಜ. ಚಳಿಗಾಲಕ್ಕೆ ಉತ್ತರದಿಂದ ಬರುವ ಎಲೆ ಉಲಿಯಕ್ಕಿಗಳನ್ನೇ ತಗೊಳ್ಳಿ, ವಾರ್ಬ್ಲರ್ ಅಂತಾರಲ್ಲ, ಅವು. ಗುಬ್ಬಚ್ಚಿಗಿಂತ ಚಿಕ್ಕವು. ಮೇಲೆ ಮಾಸಿದ ಹಸಿರು, ಕೆಳಗೆ ಮಾಸಿದ ಬಿಳಿ, ಕಣ್ಣಿನ ಮೇಲೊಂದು ತಿಳಿಬಣ್ಣದ ಹುಬ್ಬು, ರೆಕ್ಕೆಯ ಮೇಲೆ ಇದ್ದರೂ ಇಲ್ಲದ ಹಾಗಿರುವ ಒಂದು ಗೆರೆ. ಹೊಂಗೆಮರದ ತುದಿಯಲ್ಲಿ ಎಲೆಯಿಂದ ಎಲೆಗೆ ಹಾರುತ್ತಾ ಒಂದು ಕ್ಷಣವೂ ನೆಟ್ಟಗೆ ಕೂರುವುದಿಲ್ಲ. ಗ್ರೀನಿಷ್ ವಾರ್ಬ್ಲರ್ರೂ ಗ್ರೀನ್ ವಾರ್ಬ್ಲರ್ರೂ ಒಂದೇ ತಟ್ಟೆಯಿಂದ ತೆಗೆದ ಇಡ್ಲಿಗಳು. ಪುಸ್ತಕ ತೆರೆದಿಟ್ಟುಕೊಂಡು ಕತ್ತು ನೋಯುವ ತನಕ ಮೇಲೆ ನೋಡಿದರೂ ಯಾವುದು ಯಾವುದೆಂದು ಹೇಳಲಿಕ್ಕಾಗದು. ನನಗೆ ದಾರಿ ತೋರಿಸಿದ್ದು ಗ್ರೂಪಿನ ಹಿರಿಯರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್. "ಕಣ್ಣು ಬಿಡಿ ಮೇಡಂ, ಕಿವಿ ಕೊಡಿ" ಅಂದರು. ಕೂಗು ಎರಡು ತುಂಡಾಗಿ "ಚಿ-ಲೀ" ಅಂತ ಕೇಳಿದರೆ ಗ್ರೀನಿಷ್, ಮೂರು ತುಂಡಾಗಿ "ಚಿ-ಲಿ-ಲೀ" ಅಂತ ಕೇಳಿದರೆ ಗ್ರೀನ್. ಬಾಯಲ್ಲೇ ಕೂಗಿ ತೋರಿಸಿದ್ದರು, ಹಿಂದುಗಡೆ ಅವರ ಮನೆಯ ಕುಕ್ಕರ್ ಸೀಟಿ. ಆವತ್ತಿನಿಂದ ನನಗೆ ಆ ಎರಡು ಹಕ್ಕಿ ಬೇರೆ ಬೇರೆಯಾದವು.

ಆದರೆ ಹೆಸರೇ ಕಾರಣವಾಗಿದ್ದರೆ ಈ ಗ್ರೂಪುಗಳು ಇಷ್ಟು ಹೊತ್ತಿಗೆ ಖಾಲಿಯಾಗಬೇಕಿತ್ತು, ಅಲ್ವಾ? ಅಮೆರಿಕದ ಕಾರ್ನೆಲ್ ಲ್ಯಾಬ್‌ನವರ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ಕೂಗು ಕೇಳಿ ಹಕ್ಕಿ ಗುರುತಿಸುವ ವಿದ್ಯೆ ಬಂತು. ಮೊದಲು ಅವರ ಕಡೆಯ ಹಕ್ಕಿಗಳು, ಆಮೇಲೆ ನಿಧಾನಕ್ಕೆ ನಮ್ಮವೂ. ಈಗ ತೋಟದಲ್ಲಿ ಫೋನ್ ಎತ್ತಿ ಹಿಡಿದರೆ ಸಾಕು, ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ತಪ್ಪೂ ಮಾಡುತ್ತದೆ. ಕಾಡಿನಲ್ಲಿ ಭೀಮರಾಜ ಇನ್ನೊಂದು ಹಕ್ಕಿಯ ಅಣಕ ಮಾಡಿದರೆ ಮನುಷ್ಯರೇ ಮೋಸ ಹೋಗುತ್ತಾರೆ, ಇನ್ನು ಆ್ಯಪ್ ಯಾವ ಲೆಕ್ಕ. ಆದರೂ ಊರಿನ ಸುತ್ತಮುತ್ತಲಿನ ಹಕ್ಕಿಗಳಿಗೆ ಧಾರಾಳವಾಗಿ ಸಾಕು. "ಇದು ಯಾವ ಹಕ್ಕಿ ದಯವಿಟ್ಟು ತಿಳಿಸಿ" ಅನ್ನುವ ಮೆಸೇಜುಗಳು ನಿಜಕ್ಕೂ ಕಮ್ಮಿಯಾಗಿವೆ. ಗ್ರೂಪಿನ ಗಲಾಟೆ ಮಾತ್ರ ಸ್ವಲ್ಪವೂ ಕಮ್ಮಿಯಾಗಿಲ್ಲ. ಹೆಸರು ಮೊದಲೇ ಗೊತ್ತಿದ್ದೂ ಜನ ಫೋಟೋ ಹಾಕುತ್ತಾರೆ. ಅಂದರೆ ಬೇಕಾಗಿದ್ದದ್ದು ಬೇರೆ ಏನೋ.

ದೇವರಾಯನದುರ್ಗದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳು, ಅವುಗಳ ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ. ನಾಚಿಕೆ ಜಾಸ್ತಿ. ಕಲ್ಲಿನ ಸಂದಿಯ ಪೊದೆಯಿಂದ ಹೊರಗೆ ಬಂದು, ಹಳದಿ ತಲೆ ತೋರಿಸಿ, ನೀವು ಬೈನಾಕ್ಯುಲರ್ ಸರಿ ಮಾಡಿಕೊಳ್ಳುವಷ್ಟರಲ್ಲಿ ಇಳಿಜಾರಿನ ಕೆಳಗೆ ಹೋಗಿರುತ್ತದೆ. ಅದನ್ನು ಒಂದು ನಿಮಿಷ ತುಂಬ ನೋಡಿ, ಎದೆ ಹೊಡೆದುಕೊಳ್ಳುತ್ತಾ ಮನೆಗೆ ಬಂದು ಹೇಳಿ ನೋಡಿ. "ಪಿಕಳಾರ ತಾನೆ? ನಮ್ಮ ಕಾಂಪೌಂಡಲ್ಲೇ ಇದ್ಯಲ್ಲ." ಮುಗಿಯಿತು. ತಿಂಡಿ ತಿನ್ನಿ, ಆಫೀಸಿಗೆ ಹೋಗಿ. ಆಫೀಸಿನಲ್ಲಿ ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ, "ತಿನ್ನಬಹುದಾ ಅದನ್ನ?" ಅಂತ ಕೇಳುವ ಒಬ್ಬರಾದರೂ ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಅವರದ್ದು ತಪ್ಪು ಅಂತಲ್ಲ. ಅವರ ಷೇರು ಮಾರ್ಕೆಟ್ಟಿನ ಕಥೆ ನನಗೂ ಹಾಗೇ ತಾನೆ ಕೇಳಿಸುವುದು.

ಗ್ರೂಪಿನಲ್ಲಿ ಹಾಕಿದರೆ ಒಬ್ಬರು "ಅಯ್ಯೋ! ಎಷ್ಟೊತ್ತಿಗೆ?" ಅನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಆ ಅಯ್ಯೋ. ಅದರ ಬೆಲೆ ಗೊತ್ತಿರುವವರ ಬಾಯಿಂದ ಬಂದ ಅಯ್ಯೋ.

ಇದೇನೂ ಫೋನು ತಂದ ಹೊಸ ಕಾಯಿಲೆಯಲ್ಲ. 1960ರ ಸುಮಾರಿಗೆ ಬೊಂಬಾಯಿಯಿಂದ ಜಾಫರ್ ಫತೇಹಳ್ಳಿಯವರು ಹಕ್ಕಿ ನೋಡುವವರಿಗಾಗಿ ಒಂದು ಸಣ್ಣ ಪತ್ರಿಕೆ ಶುರು ಮಾಡಿದ್ದರು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಅಂಚೆಯಲ್ಲಿ ದೇಶದ ಮೂಲೆ ಮೂಲೆಗೆ ಹೋಗುತ್ತಿದ್ದವು. ಅದರಲ್ಲಿ ದೊಡ್ಡ ವಿಜ್ಞಾನಿಗಳು ಬರೆದದ್ದೂ ಇತ್ತು, ನಮ್ಮ ತೋಟದಲ್ಲಿ ಇಂಥ ತಾರೀಖು ಇಂಥ ಹಕ್ಕಿ ಕಂಡೆ ಅನ್ನುವ ಸಾದಾ ಪತ್ರಗಳೂ ಇದ್ದವು. ಮುಂದೆ ಅದು ಬೆಂಗಳೂರಿನಿಂದಲೂ ಬಂತು. ಪತ್ರ ಬರೆದು, ಅದು ಅಚ್ಚಾಗಿ, ಇನ್ನೊಬ್ಬರು ಓದಿ ಉತ್ತರ ಬರೆಯುವಷ್ಟರಲ್ಲಿ ವಲಸೆ ಹಕ್ಕಿ ವಾಪಸ್ ಹೋಗಿರುತ್ತಿತ್ತು. ಆದರೂ ಬರೆಯುತ್ತಿದ್ದರು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತವರ ಗೆಳೆಯರು ಹಕ್ಕಿ ನೋಡುವವರ ಕ್ಲಬ್ ಕಟ್ಟಿದರು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ರೂಢಿ ಅಲ್ಲಿಂದ ಬೆಳೆಯಿತು. ಇವತ್ತು ರಾಜ್ಯದಲ್ಲಿ ಹಕ್ಕಿ ಬಗ್ಗೆ ಮಾತಾಡುವ ಎಷ್ಟೋ ಜನಕ್ಕೆ ಮೊದಲ ಬೈನಾಕ್ಯುಲರ್ ಕಣ್ಣಿಗೆ ತಾಗಿದ್ದು ಅಲ್ಲಿ.

ಆದರೆ ಅದು ಬೆಂಗಳೂರು. ಆ ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯಲು ಬರಬೇಕಿತ್ತು. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಲು ಹತ್ತಿರದಲ್ಲಿ ಮನೆ ಇರಬೇಕಿತ್ತು. ತುಮಕೂರಿನಿಂದ ಮೊದಲ ರೈಲು ಹಿಡಿದು ಹೋದರೂ ಅಷ್ಟು ಹೊತ್ತಿಗೆ ಹಕ್ಕಿಗಳು ನೆರಳಿಗೆ ಸರಿದಿರುತ್ತವೆ. ಇನ್ನು ಪಾವಗಡದವರು, ಸಿಂಧನೂರಿನವರು ಏನು ಮಾಡಬೇಕು? ಫೋನು ನಿಜಕ್ಕೂ ಬದಲಾಯಿಸಿದ್ದು ಇದನ್ನು ಅಂತ ನನಗನಿಸುತ್ತದೆ. ನಮ್ಮ ಜಿಲ್ಲೆಯ ಗ್ರೂಪಿನಲ್ಲಿ ಲೈನ್‌ಮನ್ ಒಬ್ಬರಿದ್ದಾರೆ. ಕಂಬದ ಮೇಲೆ, ತಂತಿಯ ಮೇಲೆ ಕೂರುವ ಹಕ್ಕಿಗಳ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಯಾವ ಫೀಡರಿನ ಎಷ್ಟನೇ ಕಂಬದ ಹತ್ತಿರ ನೀಲಕಂಠ ಕೂರುತ್ತದೆ ಅಂತ ಹೇಳುತ್ತಾರೆ. ಅವರು ಒಂದು ಸಾಲೂ ಟೈಪ್ ಮಾಡುವುದಿಲ್ಲ, ಎಲ್ಲ ವಾಯ್ಸ್ ಮೆಸೇಜೇ, ಅಚ್ಚ ಶಿರಾ ಕಡೆಯ ಕನ್ನಡ. ಅಂಚೆಯ ಕಾಲವಾಗಿದ್ದರೆ ಅವರ ತಲೆಯಲ್ಲಿರುವುದು ಅವರ ತಲೆಯಲ್ಲೇ ಉಳಿಯುತ್ತಿತ್ತು.

ಹೆಂಗಸರ ಗ್ರೂಪಿನ ಕಥೆ ಬೇರೆ. ಅಲ್ಲಿ ಅರ್ಧಕ್ಕರ್ಧ ಮೆಸೇಜು ಹಕ್ಕಿಯದ್ದೇ ಅಲ್ಲ. "ನಾಳೆ ಬುಗುಡನಹಳ್ಳಿ ಕೆರೆಗೆ ಯಾರು ಬರ್ತೀರಾ?" "ಆ ಕಡೆ ದಂಡೆಯಲ್ಲಿ ಕುಡಿಯೋರು ಕೂತಿರ್ತಾರೆ, ಈ ಕಡೆಯಿಂದ ಬನ್ನಿ." ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ಒಬ್ಬಳೇ ಹೆಂಗಸು ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ನಿಂತರೆ ಏನೇನು ಆಗುತ್ತದೆ ಅನ್ನುವುದು ಗಂಡಸರಿಗೆ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ. ದನ ಹೊಡೆದುಕೊಂಡು ಬಂದ ಅಜ್ಜ ನಿಂತು ಕೇಳುತ್ತಾನೆ, "ಯಾವ ಲೇಔಟ್ ಬರ್ತದವ್ವಾ ಇಲ್ಲಿ?" ಸರ್ವೆ ಮಾಡುವವರು ಅಂತ ಅವನ ಲೆಕ್ಕ. ಹಕ್ಕಿ ನೋಡ್ತಿದೀನಿ ತಾತ ಅಂದರೆ ನಂಬುವುದಿಲ್ಲ, ಯಾಕೆ ನಂಬಬೇಕು, ಹಕ್ಕಿ ನೋಡುವುದಕ್ಕೆ ಯಾರಾದರೂ ಟೌನಿನಿಂದ ಪೆಟ್ರೋಲ್ ಸುಟ್ಟುಕೊಂಡು ಬರುತ್ತಾರಾ? ಇವನ ಪ್ರಶ್ನೆಗೆ ನಗಬಹುದು. ಬೈಕು ನಿಲ್ಲಿಸಿ ಸುಮ್ನೆ ನೋಡುತ್ತಾ ನಿಲ್ಲುವ ಹುಡುಗರಿಗೆ ನಗುವುದು ಕಷ್ಟ. ಮೂರು ಜನ ಹೆಂಗಸರು ಒಟ್ಟಿಗೆ ನಿಂತರೆ ಅದೇ ಏರಿ, ಅದೇ ಹೊತ್ತು, ಆದರೆ ಕಣ್ಣು ಹಕ್ಕಿಯ ಮೇಲೇ ಇರುತ್ತದೆ. ಆ ಗ್ರೂಪ್ ಇಲ್ಲದಿದ್ದರೆ ನಮ್ಮಲ್ಲಿ ಕೆಲವರು ಮನೆಯ ಟೆರೇಸು ಬಿಟ್ಟು ಆಚೆ ಹೋಗುತ್ತಲೇ ಇರಲಿಲ್ಲ.

ಇಷ್ಟಾದರೂ ಮುಖ್ಯವಾದದ್ದು ಇನ್ನೂ ಹೇಳಿಲ್ಲ. ಗ್ರೂಪಿನಲ್ಲಿ ಸಿಗುವ ಮೆಚ್ಚುಗೆಗಿಂತ ಅಲ್ಲಿ ಸಿಗುವ ಅನುಮಾನ ನನಗೆ ದೊಡ್ಡದು ಅನಿಸುತ್ತದೆ.

ಪಾವಗಡ ಕಡೆಯ ಮೇಷ್ಟ್ರೊಬ್ಬರು ಒಮ್ಮೆ ಒಂದು ಸೆಳೆವದ ಫೋಟೋ ಹಾಕಿದರು. ಚಳಿಗಾಲದಲ್ಲಿ ಬಯಲಿನ ಮೇಲೆ ತಗ್ಗಿನಲ್ಲಿ ತೇಲುವ, ಉದ್ದ ರೆಕ್ಕೆಯ ಬೇಟೆ ಹಕ್ಕಿ ಅದು. ಕೆಳಗೆ "ಪ್ಯಾಲಿಡ್ ಹ್ಯಾರಿಯರ್" ಅಂತ ಬರೆದಿದ್ದರು. ಒಬ್ಬರು ಬಂದು ಮಾಂಟೆಗು ಹ್ಯಾರಿಯರ್ ಇರಬಹುದಲ್ವಾ ಸಾರ್ ಅಂದರು. ಶುರುವಾಯಿತು. ಕಂದು ಬಣ್ಣದ ಹೆಣ್ಣುಗಳು, ಮರಿಗಳು ಎರಡರಲ್ಲೂ ಒಂದೇ ಥರ ಇರುತ್ತವೆ. ಕೆನ್ನೆಯ ಕಪ್ಪು ಮಚ್ಚೆಯ ಹಿಂದೆ ಕುತ್ತಿಗೆ ಸುತ್ತ ಬಿಳಿಚಿದ ಪಟ್ಟಿ ಎದ್ದು ಕಾಣುತ್ತಾ ಇಲ್ಲವಾ, ನೋಡಬೇಕಾದದ್ದು ಅದು. ಫೋಟೋ ದೊಡ್ಡದು ಮಾಡಿದರು, ಬೆಳಕು ಏರಿಸಿದರು, ಇಳಿಸಿದರು. ಬೇರೆ ಫ್ರೇಮ್ ಇದ್ದರೆ ಹಾಕಿ ಅಂದರು. ಮೇಷ್ಟ್ರು ಕ್ಯಾಮೆರಾ ಕೆದಕಿ, ತಲೆ ಈ ಕಡೆ ತಿರುಗಿದ್ದ ಇನ್ನೊಂದು ಮಸುಕು ಫೋಟೋ ಹುಡುಕಿದರು. ಪಟ್ಟಿ ಇತ್ತು. ಪ್ಯಾಲಿಡ್ಡೇ. ಗೆದ್ದದ್ದು ಮೇಷ್ಟ್ರು, ಆದರೆ ಅವರಿಗೇ ಆ ರಾತ್ರಿಗಿಂತ ಮುಂಚೆ ತಾವು ಅದನ್ನು ಪ್ಯಾಲಿಡ್ ಅಂದದ್ದು ಯಾಕೆ ಅಂತ ಗೊತ್ತಿರಲಿಲ್ಲವಂತೆ. ಹಾಗನ್ನಿಸಿತ್ತು ಅಷ್ಟೆ.

ಮನೆಯಲ್ಲಿ ನಾನು ಗರುಡ ನೋಡಿದೆ ಅಂದರೂ ಹೂಂ, ಡೈನೋಸಾರ್ ನೋಡಿದೆ ಅಂದರೂ ಹೂಂ. ಅಷ್ಟು ಸುಲಭಕ್ಕೆ ನಂಬುವವರ ಹತ್ತಿರ ಹೇಳಿ ಏನು ಸುಖ? "ಹೌದಾ? ಬಾಲದ ಅಂಚು ನೋಡಿದ್ರಾ?" ಅಂತ ಕೇಳುವವರು ಬೇಕು. ಇಬರ್ಡ್ ಅಂತೂ ಈ ಅನುಮಾನವನ್ನೇ ಒಂದು ಪದ್ಧತಿ ಮಾಡಿಕೊಂಡಿದೆ. ಯಾವ ಪ್ರದೇಶದಲ್ಲಿ, ಯಾವ ತಿಂಗಳಿನಲ್ಲಿ, ಯಾವ ಹಕ್ಕಿ ಎಷ್ಟು ಕಂಡರೆ ಸಹಜ ಅಂತ ಮೊದಲೇ ಒಂದು ಮಿತಿ ಹಾಕಿಟ್ಟಿರುತ್ತಾರೆ. ಅದನ್ನು ದಾಟಿದರೆ ಪಟ್ಟಿ ಕಳಿಸುವ ಮೊದಲೇ ವಿವರ ಕೇಳುತ್ತದೆ. ಆಮೇಲೆ ಆ ಪ್ರದೇಶದ ಹಕ್ಕಿಗಳನ್ನು ಚೆನ್ನಾಗಿ ಬಲ್ಲ ಸ್ವಯಂಸೇವಕರೊಬ್ಬರು ಮೇಲ್ ಮಾಡಿ, ಹೇಗೆ ಗುರುತಿಸಿದಿರಿ, ಫೋಟೋ ಇದೆಯಾ ಅಂತ ವಿಚಾರಿಸುತ್ತಾರೆ. ಆ ಮೇಲ್ ಬಂದಾಗ ಕೆಲವರಿಗೆ ಉರಿದು ಹೋಗುತ್ತದೆ. ನಾನು ಕಣ್ಣಾರೆ ನೋಡಿದ್ದೀನಿ, ಇವರ್ಯಾರು ಕೇಳೋಕೆ ಅಂತ ಆ್ಯಪನ್ನೇ ಬಿಟ್ಟವರಿದ್ದಾರೆ. ನನಗೆ ಮಾತ್ರ ಅದು ಗೌರವ ಅನಿಸುತ್ತದೆ. ಗುರುತು ಪರಿಚಯ ಇಲ್ಲದ ಒಬ್ಬ ಮನುಷ್ಯ, ಕಾಸು ತಗೊಳ್ಳದೆ, ನಾನು ಅಮಾನಿಕೆರೆಯಲ್ಲಿ ನೋಡಿದ ಒಂದು ಹಕ್ಕಿಯ ಬಗ್ಗೆ ಕೂತು ಯೋಚನೆ ಮಾಡಿದ್ದಾರೆ.

ಒಬ್ಬರಿಗೆ ಅರ್ಧವಷ್ಟೇ ಕಾಣುವ ಹಕ್ಕಿಗಳೂ ಇವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ನಂಜನಗೂಡಿನ ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುತ್ತವೆ. ಹದಿನಾರು ಕೆರೆಯಲ್ಲಿ ಕೆಲವು ಬಾತುಗಳ ಕೊರಳಲ್ಲಿ ಅಕ್ಷರ, ಅಂಕಿ ಬರೆದ ಪಟ್ಟಿ ಕಂಡದ್ದುಂಟು. ಹಾಕಿದ್ದು ಮಂಗೋಲಿಯಾದಲ್ಲಿ. ಕೆರೆ ದಂಡೆಯಲ್ಲಿ ಸ್ಕೋಪ್ ಇಟ್ಟು ಅದನ್ನು ಓದಿದವರಿಗೆ ಅದು ಬರೀ ಅಕ್ಷರ. ಮಂಗೋಲಿಯಾದಲ್ಲಿ ಪಟ್ಟಿ ಕಟ್ಟಿದವರಿಗೆ ಆ ಬಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಇವರಿಬ್ಬರು ಮಾತಾಡಿದರೆ ಮಾತ್ರ ಅದು ಒಂದು ಪ್ರಯಾಣವಾಗುತ್ತದೆ.

ಒಬ್ಬೊಬ್ಬರ ಸಣ್ಣ ಸಣ್ಣ ಹಕ್ಕಿ ಲೆಕ್ಕಗಳೂ ಹಾಗೇ ಕೂಡುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲಿನ ಹಕ್ಕಿಗಳನ್ನು ಎಣಿಸುವ ಕಾರ್ಯಕ್ರಮವಿದೆ, 2013ರಿಂದ ಭಾರತದವರೂ ಸೇರಿಕೊಂಡಿದ್ದಾರೆ. ಹದಿನೈದು ನಿಮಿಷ ಎಣಿಸಿದರೂ ಸಾಕು. ನಮ್ಮ ಗ್ರೂಪಿಗೆ ಬಂದ ಎಷ್ಟೋ ಜನ ಮೊದಲು ಕಾಲಿಟ್ಟಿದ್ದು ಆ ಹದಿನೈದು ನಿಮಿಷದ ಬಾಗಿಲಿನಿಂದ. ಹೀಗೆ ಸೇರಿದ ಲೆಕ್ಕಗಳನ್ನೆಲ್ಲ ಇಟ್ಟುಕೊಂಡು 2023ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಸುಮಾರು 30,000 ಜನ ಬರೆದಿಟ್ಟ 3 ಕೋಟಿ ದಾಖಲೆ, 942 ಜಾತಿಯ ಹಕ್ಕಿಗಳು. ಅದರಲ್ಲಿ ನವಿಲು, ಕೋಗಿಲೆ ಹೆಚ್ಚಾಗಿವೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಹನ್ನೆರಡು ವರ್ಷದಲ್ಲಿ ಸುಮಾರು 30 ಪರ್ಸೆಂಟ್ ಕಮ್ಮಿಯಾಗಿದೆ. ಆ ದಿನ ಗ್ರೂಪಿನಲ್ಲಿ ಯಾರೋ ಈ ಅಂಕಿ ಹಾಕಿದಾಗ ನಮ್ಮ ಲೈನ್‌ಮನ್ ಅಣ್ಣ, "ನಾನ್ ಹೇಳ್ತಾನೇ ಇದ್ನಲ್ಲ, ಕಂಬ ಖಾಲಿ ಆಗ್ತಾ ಐತೆ ಅಂತ" ಅಂದರು. ಹೌದು, ಹೇಳುತ್ತಲೇ ಇದ್ದರು. ಒಬ್ಬರೇ ಹೇಳುವಾಗ ಅದು ಗೊಣಗಾಟದ ಹಾಗೆ ಕೇಳಿಸುತ್ತಿತ್ತು.

ಇಷ್ಟು ಹೊಗಳಿದ ಮೇಲೆ ತೆಗಳದೆ ಬಿಟ್ಟರೆ ತಪ್ಪಾಗುತ್ತದೆ. "ಹಕ್ಕಿ ಬಿಟ್ಟು ಬೇರೇನೂ ಹಾಕಬಾರದು" ಅಂತ ನಿಯಮ ಬರೆದಿಟ್ಟರೂ ದಿನಾ ಬೆಳಿಗ್ಗೆ ಶುಭೋದಯ ಬಂದೇ ಬರುತ್ತದೆ, ಅದೂ ದಕ್ಷಿಣ ಅಮೆರಿಕದ ಮಕಾವ್ ಗಿಳಿಯ ಚಿತ್ರದ ಜೊತೆ. ಇದು ಸಹಿಸಬಹುದು. ವರ್ಷದಲ್ಲಿ ಹೆಚ್ಚು ಜಾತಿಯ ಹಕ್ಕಿ ಕಂಡವರು ಅಂತ ಇಬರ್ಡ್ ಹಾಕುವ ಮೊದಲ ನೂರು ಜನರ ಪಟ್ಟಿಯ ಹಿಂದೆ ಬಿದ್ದವರನ್ನೂ ಸಹಿಸಬಹುದು. ಜನವರಿ 1ರಂದು ಎಲ್ಲರ ಲೆಕ್ಕವೂ ಸೊನ್ನೆಯಿಂದ ಶುರುವಾಗುವುದರಿಂದ ಆವತ್ತು ಒಂದು ದಿನ ಕಾಗೆಗೂ ಬೆಲೆ ಬರುತ್ತದೆ, ಒಳ್ಳೆಯದೇ ಅಲ್ವಾ. ಸಹಿಸಲಾಗದ್ದು ಜಾಗದ ವಿಷಯ. ಗೂಬೆಯೊಂದು ಗೂಡು ಮಾಡಿದ ಮರದ ಲೊಕೇಶನ್ ಗ್ರೂಪಿನಲ್ಲಿ ಬಿತ್ತು ಅಂದರೆ ಮುಗಿಯಿತು. ಶನಿವಾರಕ್ಕೆ ಕಾರುಗಳು ಬರುತ್ತವೆ. ಉದ್ದ ಲೆನ್ಸುಗಳು, ಅಡ್ಡ ಬಂದ ಕೊಂಬೆ ಮುರಿಯುವವರು, ಸ್ಪೀಕರಿನಲ್ಲಿ ಅದರದ್ದೇ ಕೂಗು ಹಾಕಿ ಹೊರಗೆ ಕರೆಯುವವರು. ಅದಕ್ಕೇ ಇಬರ್ಡ್ ಕೆಲವು ಹಕ್ಕಿಗಳು ಕಂಡ ಸರಿಯಾದ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ. ನಮ್ಮ ಗ್ರೂಪಿನಲ್ಲೂ ಗೂಡಿನ ಫೋಟೋ ಹಾಕಿದರೆ ಅಡ್ಮಿನ್ ಅಳಿಸುತ್ತಾರೆ. ಹಾಕಿದವರು ಮುನಿಸಿಕೊಂಡು ಹೊರಗೆ ಹೋಗುತ್ತಾರೆ, ಹೊರಗೆ ಹೋಗಿ ಹೊಸ ಗ್ರೂಪ್ ಮಾಡುತ್ತಾರೆ, ಅಲ್ಲಿ ಗೂಡುಗಳೇ ತುಂಬಿರುತ್ತವೆ. ನೋಡಿದ್ದನ್ನು ಹೇಳಿಕೊಳ್ಳಬೇಕು ಅನ್ನುವ ಅದೇ ಚಪಲ ಇಲ್ಲಿ ಹಕ್ಕಿಯ ಪ್ರಾಣಕ್ಕೆ ಬರುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಪ್ರತಿವರ್ಷ ಗೂಡು ಕಟ್ಟುತ್ತವೆ. ಹಿಕ್ಕೆಯ ವಾಸನೆ, ಗಲಾಟೆ ಎಲ್ಲ ಸಹಿಸಿಕೊಂಡು ಊರಿನವರು ಕಾಯುತ್ತಾರೆ. ಅವರಿಗೆ ಯಾವ ಗ್ರೂಪೂ ಬೇಕಾಗಲಿಲ್ಲ. ಹಕ್ಕಿ ಅವರ ಮನೆ ಮುಂದೆಯೇ ಇದೆ, ಅದರ ಬಗ್ಗೆ ಮಾತಾಡಲು ಪಕ್ಕದ ಮನೆಯವರಿದ್ದಾರೆ. ನಮಗೆ ಪಕ್ಕದ ಮನೆಯವರು ಆ ಥರ ಇಲ್ಲ. ಆದ್ದರಿಂದ ಹದಿನೈದು ತಾಲ್ಲೂಕು ದೂರದವರನ್ನು ಹುಡುಕಿಕೊಂಡಿದ್ದೇವೆ.

ಮೇ, ಜೂನ್‌ನಲ್ಲಿ ಗ್ರೂಪು ಸಪ್ಪೆ. ವಲಸೆ ಹಕ್ಕಿಗಳು ಹೋಗಿರುತ್ತವೆ, ಹಳೇ ಫೋಟೋಗಳು ಓಡಾಡುತ್ತವೆ, ಯಾವ ಬೈನಾಕ್ಯುಲರ್ ತಗೊಳ್ಳಲಿ ಅಂತ ಯಾರೋ ಕೇಳುತ್ತಾರೆ. ಆಗಸ್ಟ್ ಮುಗಿಯುತ್ತಿದ್ದ ಹಾಗೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಹಿಮಾಲಯದ ಕಡೆಯಿಂದ ಮೊದಲು ಬರುವವರಲ್ಲಿ ಬೂದು ಸಿಪಿಲೆ ಒಂದು. ಹಳದಿ ಹೊಟ್ಟೆ, ಉದ್ದ ಬಾಲ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸುತ್ತಾ ಹಳ್ಳದ ಕಲ್ಲಿನ ಮೇಲೆ ಓಡಾಡುತ್ತದೆ. ಅದನ್ನು ಗುರುತಿಸಲು ಯಾರ ಸಹಾಯವೂ ಬೇಡ. ಅಪರೂಪದ್ದೂ ಅಲ್ಲ. ಆದರೂ ಹೋದ ವರ್ಷ ಒಂದು ಬೆಳಿಗ್ಗೆ ದೇವರಾಯನದುರ್ಗದ ಕಡೆಯಿಂದ "ಬಂತು, ನಾಮದ ಚಿಲುಮೆ" ಅಂತ ಮೂರೇ ಪದ ಬಿದ್ದಿದ್ದಕ್ಕೆ ಕಚೇರಿಯಲ್ಲಿದ್ದವರು, ಬಸ್ಸಿನಲ್ಲಿದ್ದವರು, ತಿಂಗಳುಗಟ್ಟಲೆ ಬಾಯಿ ಬಿಡದಿದ್ದವರು ಎಲ್ಲ ಬಂದು ಚಪ್ಪಾಳೆ ಒತ್ತಿದರು. ಆಗ ಮಧುಗಿರಿಯವರೊಬ್ಬರು, ನಾನು ನಿನ್ನೆ ಸಾಯಂಕಾಲವೇ ನೋಡಿದ್ದೆ, ಹಾಕೋಣ ಅಂತ ಮರೆತೆ ಅಂದರು. ಐದು ನಿಮಿಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಪಾವಗಡದ ಮೇಷ್ಟ್ರು ಕೇಳಿದರು, "ಫೋಟೋ ಇದ್ಯಾ ಸಾರ್?"